ಹಣೆಯ ಮೇಲೆ ಇಟ್ಟ ಕೈ

ನಾನು ಕ್ಷಮೆ ಕೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎನ್.ಆರ್. ಕಾಲೋನಿಯ ಆ ಮನೆಯವರು ಕೇಳು ಎಂದರು. ಏಜೆನ್ಸಿಯವನು ಕೇಳು ಎಂದ. ನನ್ನ ಸಭೆಯ ಪಾಸ್ಟರ್ ಕೂಡ ಕೇಳಿಬಿಡಮ್ಮ ಎಂದರು. ಮೂವರೂ ಓದಿದವರು. ಓದಿದವರು ಒಟ್ಟಾಗಿ ಒಂದೇ ಮಾತು ಹೇಳಿದರೆ ನನ್ನಂಥವಳಿಗೆ ಹೆದರಿಕೆಯಾಗುತ್ತದೆ. ಹೆದರಿದೆ. ಆದರೂ ಕೇಳಲಿಲ್ಲ.

ನನ್ನ ಹೆಸರು ರೂತಮ್ಮ. ವಯಸ್ಸು ನಲವತ್ತೇಳು. ಮಾವಳ್ಳಿಯ ಓಣಿಯೊಂದರಲ್ಲಿ ಶೀಟಿನ ಮನೆ. ಒಬ್ಬಳೇ ಇದ್ದೇನೆ. ಕೆಲಸ ಹೋಂ ನರ್ಸ್. ನರ್ಸ್ ಅನ್ನುವುದು ಏಜೆನ್ಸಿಯ ಬೋರ್ಡಿನ ಮೇಲಿನ ಮಾತು. ನಾನು ಮಾಡುವುದು ಹಾಸಿಗೆ ಹಿಡಿದವರ ಹೇಲು ಉಚ್ಚೆ ಬಾಚುವ ಕೆಲಸ. ನಾವು ಮಾದಿಗರು. ತಾತನ ಕಾಲಕ್ಕೆ ಕ್ರೈಸ್ತರಾದೆವು. ದೇವರು ಬದಲಾದ, ಹೆಸರು ಬದಲಾಯಿತು, ಕೈಯಲ್ಲಿದ್ದ ಪೊರಕೆ ಹಾಗೇ ಉಳಿಯಿತು. ಅಪ್ಪ ಮಾಮೂಲ್‌ಪೇಟೆಯ ಚರಂಡಿ ಎತ್ತಿದ. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡು ತೊಳೆದಳು. ನಾನು ಬೇರೆಯವರ ಮನೆಗೆ ಹೋಗಿ ಅವರ ಅಪ್ಪ ಅಮ್ಮಂದಿರನ್ನು ತೊಳೆಯುತ್ತೇನೆ.

ಏಜೆನ್ಸಿ ನಡೆಸುವವನು ಮಂಜುನಾಥ್. ಚಾಮರಾಜಪೇಟೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಆಫೀಸು. ಅವನ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಸ್ಟಿಕ್ಕರ್ ಬಿಂದಿಯ ಪ್ಯಾಕೆಟ್ಟು ಇರುತ್ತದೆ. ಹಳೇ ಬಡಾವಣೆಯ ಮನೆಗಳವರು ಫೋನು ಮಾಡಿದ ಕೂಡಲೇ ಕೇಳುವುದು, "ನಮ್ಮವರೇ ತಾನೇ? ಮಾಂಸ ಗೀಂಸ ತಿನ್ನೋರಲ್ಲ ತಾನೇ?" ಅವನು ಕೂಡಲೇ "ನಮ್ಮವರೇ ಸಾರ್" ಎನ್ನುತ್ತಾನೆ. ಆಮೇಲೆ ನಮಗೆ ಹೆಸರಿಡುತ್ತಾನೆ. ನಮ್ಮಲ್ಲಿ ಫಾತಿಮಾ ಅಂತ ಒಬ್ಬಳಿದ್ದಾಳೆ. ಮಲ್ಲೇಶ್ವರದ ಮನೆಯಲ್ಲಿ ಅವಳು ಪದ್ಮಾ.

"ಎನ್.ಆರ್. ಕಾಲೋನಿ ಮನೇಲಿ ನೀನು ರಾಧಾ. ಒಕ್ಕಲಿಗರು, ಮಾಂಸ ಬಿಟ್ಟಿದೀನಿ ಅನ್ನು. ಹಣೆಗೆ ಒಂದು ಸ್ಟಿಕ್ಕರ್ ಅಂಟಿಸ್ಕೋ, ಅಷ್ಟೇ" ಎಂದ.

"ಆಧಾರ್ ಕೇಳಿದ್ರೆ ಸಾರ್?"

"ಅದೆಲ್ಲಾ ಆಫೀಸಲ್ಲಿದೆ ಅನ್ನು. ಕೇಳಲ್ಲ ಅವರು. ಕೆಲಸದವರು ಸಿಕ್ಕಿದ್ರೆ ಸಾಕಾಗಿರತ್ತೆ."

ನಾನು ಸ್ಟಿಕ್ಕರ್ ಅಂಟಿಸಿಕೊಂಡೆ. ಅದು ನನ್ನ ತಪ್ಪು. ಆ ತಪ್ಪನ್ನು ಇಲ್ಲ ಎನ್ನುವುದಿಲ್ಲ.

ಮನೆಯ ಯಜಮಾನ ರಾಘವ. ಬ್ಯಾಂಕಿನಿಂದ ರಿಟೈರಾದವನು. ಹೆಂಡತಿ ಶ್ರೀವಿದ್ಯಾ. ನಾನು ನೋಡಿಕೊಳ್ಳಬೇಕಾಗಿದ್ದದ್ದು ರಾಘವನ ತಾಯಿ ಅಲಮೇಲಮ್ಮನನ್ನು. ಎಂಬತ್ತನಾಲ್ಕು ವರ್ಷ. ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ಮಾತ್ರ ಸ್ಪಷ್ಟ. ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಹತ್ತಿರ, ಹಾಸಿಗೆ ಹುಣ್ಣು. ನಾನು ಹೋದಾಗ ಅದರೊಳಗೆ ನನ್ನ ಹೆಬ್ಬೆರಳು ಹಿಡಿಸುವಷ್ಟು ಜಾಗ ಇತ್ತು. ನನಗಿಂತ ಮುಂಚೆ ಇದ್ದವಳು ಮಗ್ಗುಲು ಬದಲಿಸುತ್ತಿರಲಿಲ್ಲ. ಮನೆಯವರು ಬದಲಿಸುತ್ತಿರಲಿಲ್ಲ. ರಾಘವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬಾಗಿಲಲ್ಲಿ ನಿಂತು, "ಅಮ್ಮಾ, ನಮಸ್ಕಾರ" ಎಂದು ಹೇಳಿ ಹೋಗುತ್ತಿದ್ದ. ಮಡಿ. ಒಳಗೆ ಕಾಲಿಡುತ್ತಿರಲಿಲ್ಲ.

ನಾನು ಹಿತ್ತಿಲ ಬಾಗಿಲಿನಿಂದ ಹೋಗಬೇಕು. ಸಂಪಿನ ಪಕ್ಕದ ಹೊರಗಿನ ಕಕ್ಕಸು ನನ್ನದು. ನನ್ನ ತಟ್ಟೆ ಲೋಟ ಹಿತ್ತಿಲ ಕಲ್ಲಿನ ಕೆಳಗೆ. ಕಾಫಿ ಕೊಡುವಾಗ ಶ್ರೀವಿದ್ಯಾ ಲೋಟಕ್ಕೆ ಲೋಟ ತಾಗದ ಹಾಗೆ ಒಂದು ಗೇಣು ಮೇಲಿನಿಂದ ಹುಯ್ಯುತ್ತಿದ್ದಳು. ಇದು ಒಕ್ಕಲಿಗರ ರಾಧಾಳಿಗೆ ಸಿಗುತ್ತಿದ್ದ ಮರ್ಯಾದೆ. ಮಾದಿಗರ ರೂತಮ್ಮನಿಗೆ ಏನು ಸಿಗುತ್ತಿತ್ತೋ ಆಮೇಲೆ ಗೊತ್ತಾಯಿತು.

ಅಜ್ಜಿಯೂ ಸುಲಭದ ಹೆಂಗಸಲ್ಲ. ಮೊದಲ ದಿನವೇ ನನ್ನ ಬಾಯಿ ಮೂಸಿದಳು. "ಈರುಳ್ಳಿ ತಿಂದಿದೀಯ. ಆಚೆ ತಿರುಗಿ ಉಸಿರು ಬಿಡು" ಎಂದಳು. ಅವಳ ಕುಂಡಿ ತೊಳೆಯುತ್ತಿರುವಾಗ ನಾನು ಆಚೆ ತಿರುಗಿ ಉಸಿರು ಬಿಡಬೇಕು! ನಗು ಬಂತು. ಸಿಟ್ಟೂ ಬಂತು. ತೊಳೆದೆ.

ಬೆಳಿಗ್ಗೆ ಹನ್ನೊಂದಕ್ಕೆ ಡ್ರೆಸ್ಸಿಂಗ್. ಹಳೇ ಬಟ್ಟೆ ಕೀಳಬೇಕು, ಸಲೈನ್ ಹಾಕಿ ತೊಳೆಯಬೇಕು, ಸತ್ತ ಮಾಂಸ ಒರೆಸಬೇಕು, ಹೊಸದು ತುಂಬಬೇಕು. ಹುಣ್ಣಿಗೆ ಬಟ್ಟೆ ಅಂಟಿರುತ್ತದೆ. ಎಷ್ಟು ನೆನೆಸಿದರೂ ಕೀಳುವಾಗ ಜೀವ ಹೋಗುತ್ತದೆ. ಅಜ್ಜಿ "ನಾರಾಯಣಾ, ನಾರಾಯಣಾ" ಎಂದು ಅರಚುತ್ತಿದ್ದಳು. ಹಾಲಿನಲ್ಲಿ ರಾಘವ ಟೀವಿಯ ಸೌಂಡು ಜಾಸ್ತಿ ಮಾಡುತ್ತಿದ್ದ.

ನಾನು ಹುಣ್ಣು ತೊಳೆದು ಮುಗಿಸಿ, ಗ್ಲೌಸ್ ತೆಗೆದು, ಅವಳ ಹಣೆಯ ಮೇಲೆ ಕೈ ಇಡುತ್ತಿದ್ದೆ. ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದೆ. ಇದನ್ನು ನನಗೆ ಯಾವ ಪಾಸ್ಟರೂ ಕಲಿಸಲಿಲ್ಲ. ಅಮ್ಮನಿಂದ ಬಂದದ್ದು. ಅಮ್ಮ ವಾರ್ಡಿನ ನೆಲ ಒರೆಸುವಾಗ ಯಾರಾದರೂ ನರಳಿದರೆ ಬಕೆಟ್ಟು ಬಿಟ್ಟು ಎದ್ದು ಹೋಗುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಅವರ ಹಣೆ ಮುಟ್ಟುತ್ತಿದ್ದಳು. ಅವರು ಯಾರು, ಯಾವ ಜಾತಿ ಕೇಳುತ್ತಿರಲಿಲ್ಲ. ಸಿಸ್ಟರ್‌ಗಳು ಬೈದರೆ ಬೈಸಿಕೊಂಡು ಮತ್ತೆ ನೆಲ ಒರೆಸುತ್ತಿದ್ದಳು. ನನಗೆ ಯೇಸು ಅಂದರೆ ಆ ಒದ್ದೆ ಕೈ. ಅದಕ್ಕಿಂತ ಹೆಚ್ಚಿನ ಧರ್ಮಶಾಸ್ತ್ರ ನನಗೆ ಗೊತ್ತಿಲ್ಲ.

ಒಂದು ದಿನ ಅಜ್ಜಿ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಏನೇ ಹೇಳ್ಕೋತೀಯ? ತುಟಿ ಆಡತ್ತೆ ನಿಂದು."

"ಏನಿಲ್ಲ ಅಜ್ಜಿ."

"ಸುಳ್ಳು ಹೇಳ್ಬೇಡ. ಏಳು ತಿಂಗಳಾಯ್ತು, ನೀನು ಒಂದು ದಿನ ನಮ್ಮ ದೇವರ ಹೆಸರು ಎತ್ತಿಲ್ಲ. ನಂಗೇನು ಗೊತ್ತಾಗಲ್ಲ ಅಂದ್ಕೊಂಡ್ಯಾ? ನೀನು ರಾಧಾನೂ ಅಲ್ಲ, ಗೀಧಾನೂ ಅಲ್ಲ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅಜ್ಜಿ ನನ್ನ ಕೈಯನ್ನು ತನ್ನ ಬಲಗೈಯಿಂದ ಹಿಡಿದು ಮತ್ತೆ ಹಣೆಯ ಮೇಲೇ ಇಟ್ಟುಕೊಂಡಳು.

"ಜೋರಾಗಿ ಹೇಳು. ನಿನ್ನ ದೇವರಿಗೇ ಹೇಳು. ನನ್ನ ದೇವರಿಗೆ ಕಿವಿ ಕೇಳಿಸ್ತಿಲ್ಲ."

ಹೇಳಿದೆ. "ಯೇಸುವೇ, ಈ ತಾಯಿಗೆ ನೋವು ಕಮ್ಮಿ ಮಾಡು. ಇವತ್ತು ಒಂದು ದಿನ ನಿದ್ದೆ ಕೊಡು." ಅಷ್ಟೇ. ಯಾರನ್ನೂ ಯಾವ ಕಡೆಗೂ ಎಳೆಯಲಿಲ್ಲ. ಅಜ್ಜಿ ನಿದ್ದೆ ಹೋದಳು. ಅಂದಿನಿಂದ ದಿನಾ ಅವಳೇ ಕೇಳುತ್ತಿದ್ದಳು. ಡ್ರೆಸ್ಸಿಂಗ್ ಮುಗಿದ ಕೂಡಲೇ, "ಹ್ಞೂಂ, ಹೇಳು" ಎನ್ನುತ್ತಿದ್ದಳು, ಕಾಫಿ ಕೇಳುವ ಹಾಗೆ.

ಬೀರುವಿನ ಮೇಲೆ ಕ್ಯಾಮೆರಾ ಇತ್ತು. ಕೆಲಸದವರು ಕದಿಯುತ್ತಾರೇನೋ ಎಂದು ಇಟ್ಟದ್ದು. ಅದಕ್ಕೆ ಚಿತ್ರ ಮಾತ್ರ, ಸೌಂಡಿಲ್ಲ. ಮೂರು ವಾರವಾದ ಮೇಲೆ ಶ್ರೀವಿದ್ಯಾ ಫೋನಿನಲ್ಲಿ ನೋಡಿದಳಂತೆ. ಕೆಲಸದವಳು ಅತ್ತೆಯ ತಲೆ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ್ದಾಳೆ. ಮಾರನೇ ದಿನ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು. ಯೇಸು ಅನ್ನುವ ಒಂದು ಹೆಸರು ಸಾಕಾಯಿತು.

ಅರ್ಧ ಗಂಟೆಯಲ್ಲಿ ಮಂಜುನಾಥ್ ಸ್ಕೂಟರಿನಲ್ಲಿ ಬಂದ. ನನ್ನನ್ನು ಹಾಲಿಗೆ ಕರೆದರು. ಎಂಟು ತಿಂಗಳಲ್ಲಿ ನಾನು ಆ ಹಾಲಿನ ನಡುವೆ ನಿಂತದ್ದು ಅದೇ ಮೊದಲು.

"ಏನಮ್ಮ ನಿನ್ನ ನಿಜವಾದ ಹೆಸರು?" ರಾಘವ ಕೇಳಿದ.

"ರೂತಮ್ಮ."

ಶ್ರೀವಿದ್ಯಾ "ಅಯ್ಯೋ ಪೆರುಮಾಳೇ" ಎಂದು ಎದೆ ಹಿಡಿದುಕೊಂಡಳು. "ನಮ್ಮ ಅಡಿಗೆಮನೆ ಬಾಗಿಲ ತನಕ ಬಂದಿದಾಳ್ರೀ ಇವಳು!"

ಮಂಜುನಾಥ್ ಎರಡೂ ಕೈ ಎತ್ತಿದ. "ಸಾರ್, ದೇವರಾಣೆ ನಂಗೆ ಗೊತ್ತಿಲ್ಲ. ನಮ್ಮ ಆಫೀಸಿಗೂ ಇವಳು ಸುಳ್ಳು ಹೆಸರೇ ಕೊಟ್ಟಿರೋದು."

ನಾನು ಅವನ ಮುಖ ನೋಡಿದೆ. ಅವನು ಗೋಡೆ ನೋಡಿದ. ನನಗೆ ರಾಧಾ ಎಂದು ಹೆಸರಿಟ್ಟು, ಸ್ಟಿಕ್ಕರ್ ಕೊಟ್ಟು, ಒಕ್ಕಲಿಗಳನ್ನಾಗಿ ಮಾಡಿದ ಮನುಷ್ಯ. ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕಿತ್ತು.

"ಅಮ್ಮನ ಮತಾಂತರ ಮಾಡಕ್ಕೆ ಬಂದಿದೀಯ" ರಾಘವ ಹೇಳಿದ. "ಎಷ್ಟು ದಿನದಿಂದ ನಡೀತಿದೆ ಇದು? ಯಾರು ಕಳ್ಸಿದ್ದು ನಿನ್ನ?"

"ಯಾರೂ ಕಳ್ಸಿಲ್ಲ ಸಾರ್. ನೋವು ತಡಿಯಕ್ಕಾಗ್ದೆ ಅಜ್ಜಿನೇ ಹೇಳು ಅಂದ್ರು. ನೀವೇ ಕೇಳಿ."

ಕೇಳಲು ಎಲ್ಲರೂ ರೂಮಿಗೆ ಹೋದೆವು. ರಾಘವ ಅಂದೂ ಹೊಸ್ತಿಲಿನಾಚೆಯೇ ನಿಂತ. "ಅಮ್ಮಾ, ನೀನು ಹೇಳಿದ್ಯಾ ಇವಳಿಗೆ ಪ್ರಾರ್ಥನೆ ಮಾಡು ಅಂತ?"

ಅಜ್ಜಿ ಮಗನನ್ನು ನೋಡಿದಳು. ಸೊಸೆಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ನಂಗೇನು ಗೊತ್ತೋ. ಅವಳೇ ಏನೋ ಗೊಣಗ್ತಿದ್ಲು. ನಾನು ನಾರಾಯಣ ಅಂತಿದ್ದೆ" ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಎಂಟು ತಿಂಗಳು. ದಿನಕ್ಕೆ ಆರು ಸಲ ಮಗ್ಗುಲು ಬದಲಿಸಿದ್ದೆ. ಹೆಬ್ಬೆರಳು ಹಿಡಿಸುತ್ತಿದ್ದ ಹುಣ್ಣು ಕಾಳು ಮೆಣಸಿನಷ್ಟಾಗಿತ್ತು. ಆ ಮುದುಕಿಯ ಬಾಯಿಂದ ಒಂದು ನಿಜ ಹೊರಡಲಿಲ್ಲ. ನನಗೆ ಅವಳ ಮೇಲೆ ಬಂದ ಸಿಟ್ಟು ರಾಘವನ ಮೇಲೂ ಬಂದಿರಲಿಲ್ಲ.

ಆಮೇಲೆ ರಾಘವ ವಿಡಿಯೋ ತೆಗೆಯಲು ಫೋನು ಹಿಡಿದು ನಿಂತ. ನಾನು ಏನು ಹೇಳಬೇಕು ಎಂದು ಮಂಜುನಾಥ್ ಒಂದು ಚೀಟಿಯಲ್ಲಿ ಬರೆದ. ಸುಳ್ಳು ಹೆಸರು ಹೇಳಿ ಮನೆ ಸೇರಿದೆ, ಅಮ್ಮನವರನ್ನು ಮತಾಂತರ ಮಾಡಲು ನೋಡಿದೆ, ತಪ್ಪಾಯಿತು, ಕ್ಷಮಿಸಿ. ಇದನ್ನು ಕೈಮುಗಿದು ಹೇಳಬೇಕಂತೆ. ಹೇಳದಿದ್ದರೆ ಪೊಲೀಸ್ ಕಂಪ್ಲೇಂಟು. ಹೇಳಿದರೆ ಕಂಪ್ಲೇಂಟಿಲ್ಲ.

"ಹೇಳ್ಬಿಡು, ಗುರುತು ಸಿಗದ ಹಾಗೆ ಬೇರೆ ಮನೆಗೆ ಹಾಕ್ತೀನಿ" ಎಂದು ಮಂಜುನಾಥ್ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ. ಬೇರೆ ಮನೆ, ಬೇರೆ ಹೆಸರು, ಅದೇ ಡ್ರಾಯರಿನ ಸ್ಟಿಕ್ಕರ್.

ನಾನು ಹಣೆಯ ಸ್ಟಿಕ್ಕರ್ ಕಿತ್ತೆ. ಅವನ ಶರಟಿನ ಜೇಬಿನ ಮೇಲೆ ಅಂಟಿಸಿದೆ.

"ಹೆಸರು ಸುಳ್ಳು ಹೇಳಿದ್ದು ತಪ್ಪು. ಅದಕ್ಕೆ ಬೇಕಾದ್ರೆ ತಪ್ಪಾಯ್ತು ಅಂತೀನಿ. ಹೆಸರಿಟ್ಟ ಇವರೂ ನನ್ನ ಪಕ್ಕ ನಿಂತು ಹೇಳ್ಲಿ. ಆದ್ರೆ ಒಂದು ಮುದಿಜೀವಕ್ಕೆ ನೋವು ಕಮ್ಮಿಯಾಗ್ಲಿ ಅಂದಿದ್ದಕ್ಕೆ ನಾನು ಯಾರ ಹತ್ರಾನೂ ಕ್ಷಮೆ ಕೇಳಲ್ಲ. ಕರೀರಿ ಪೊಲೀಸಿನವ್ರನ್ನ."

ಕರೆಯಲಿಲ್ಲ. ಪೊಲೀಸಿನವರು ಮನೆ ಮುಂದೆ ನಿಂತರೆ ಕಾಲೋನಿಯಲ್ಲಿ ಮರ್ಯಾದೆ ಏನಾಗಬೇಕು. ಹೊರಡು ಎಂದರು. ನಾನು ಚೀಲ ಎತ್ತಿಕೊಳ್ಳುವಾಗ ಶ್ರೀವಿದ್ಯಾ ಹಿಂದಿನಿಂದ ಕೂಗಿದಳು, "ಬಕೆಟ್ಟಲ್ಲಿರೋ ಬೆಡ್‌ಶೀಟು ಒಗ್ದು ಹೋಗು. ಅದನ್ನ ಯಾರು ಮುಟ್ತಾರೆ ಇಲ್ಲಿ?"

ಒಗೆದೆ. ಹಿತ್ತಿಲ ಕಲ್ಲಿನ ಮೇಲೆ ಕೂತು, ಹೇಲು ತೊಳೆದು, ಸೋಪು ಹಾಕಿ, ಹಿಂಡಿ, ಒಣಗಿಹಾಕಿ ಹೊರಟೆ. ಕೈಗೆ ಅಷ್ಟು ಅಭ್ಯಾಸವಾಗಿತ್ತು. ಇವತ್ತಿಗೂ ಅದೊಂದಕ್ಕೆ ನನ್ನ ಮೇಲೆ ನನಗೇ ಹೇಸಿಗೆ.

ನನ್ನ ಪಕ್ಕದ ಮನೆಯ ಬೈರಮ್ಮ ಎನ್.ಆರ್. ಕಾಲೋನಿಯಲ್ಲಿ ರಸ್ತೆ ಗುಡಿಸುತ್ತಾಳೆ. ಎರಡು ದಿನ ಬಿಟ್ಟು ಅವಳೇ ಸುದ್ದಿ ತಂದಳು. ಆ ಕ್ಯಾಮೆರಾದ ಚಿತ್ರ ಕಾಲೋನಿಯ ವಾಟ್ಸಾಪ್ ಗ್ರೂಪಿನಲ್ಲಿ ಬಂದಿದೆ. ಅಜ್ಜಿಯ ಹಣೆ, ನನ್ನ ಕೈ, ನನ್ನ ಮುಚ್ಚಿದ ಕಣ್ಣು. ಈ ಹೆಂಗಸಿನ ಬಗ್ಗೆ ಹುಷಾರು, ಸೇವೆಯ ಹೆಸರಲ್ಲಿ ಮತಾಂತರ ಎಂದು ಕೆಳಗೆ ಬರೆದಿದೆ. ಅಲ್ಲಿಂದ ಬಸವನಗುಡಿಗೆ, ಅಲ್ಲಿಂದ ಮಲ್ಲೇಶ್ವರಕ್ಕೆ. ಮೂರು ಏಜೆನ್ಸಿಗಳಿಗೆ ಹೋದೆ. ಮೂರರಲ್ಲೂ ನನ್ನ ಮುಖ ನನಗಿಂತ ಮುಂಚೆ ಹೋಗಿ ಕೂತಿತ್ತು. ಇಪ್ಪತ್ತು ವರ್ಷ ಮಾಡಿದ ಕೆಲಸ ಒಂದು ವಾರದಲ್ಲಿ ಹೋಯಿತು.

ಬೈರಮ್ಮ ಆ ಸಂಜೆ ಮುದ್ದೆ ಸಾರು ತಂದು ನನ್ನ ಮುಂದಿಟ್ಟು ಪಕ್ಕದಲ್ಲಿ ಕೂತಳು. ಒಂದು ಮಾತೂ ಆಡಲಿಲ್ಲ. ನಾನು ತಿಂದು ಮುಗಿಸುವ ತನಕ ಕೂತಿದ್ದು, ತಟ್ಟೆ ತೊಳೆದುಕೊಂಡು ಹೋದಳು. ಅವಳು ಮಾರಮ್ಮನ ಒಕ್ಕಲು.

ನನ್ನ ಸಭೆ ಏನು ಮಾಡಿತು, ಅದನ್ನೂ ಹೇಳುತ್ತೇನೆ. ನಮ್ಮದು ಚಾಮರಾಜಪೇಟೆಯ ಸಣ್ಣ ಸಭೆ. ಅಲ್ಲಿ ಸಾಂತ್ವನ ಸಮಿತಿ ಅಂತ ಒಂದಿದೆ. ಕಾಯಿಲೆಯವರ ಮನೆಗೆ, ಸಾವಾದವರ ಮನೆಗೆ ಹಣ್ಣು ತೆಗೆದುಕೊಂಡು ಹೋಗಿ ಪ್ರಾರ್ಥನೆ ಮಾಡಿ ಫೋಟೋ ತೆಗೆಸಿಕೊಂಡು ಬರುವವರು. ನನ್ನ ಗಂಡ ಸತ್ತಾಗ ನಮ್ಮ ಓಣಿಗೆ ಕಾರು ಬರುವುದಿಲ್ಲ ಎಂದು ಅವರು ಬರಲಿಲ್ಲ. ಆ ಭಾನುವಾರ ಪಾಸ್ಟರ್ ದೊರೆಸ್ವಾಮಿಯವರು ದುಃಖದಲ್ಲಿರುವವರನ್ನು ಸಂತೈಸುವುದೇ ಕ್ರೈಸ್ತನ ಗುರುತು ಎಂದು ಮುಕ್ಕಾಲು ಗಂಟೆ ಬೋಧಿಸಿದರು. ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳಿದೆ. ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಕೇಳ್ದೆ ಅಮ್ಮ. ನೀವು ಕ್ಷಮೆ ಕೇಳಿ ಆ ವಿಡಿಯೋ ಕೊಟ್ಟುಬಿಡ್ಬೇಕಾಗಿತ್ತು. ಒಂದು ಮಾತು ತಗ್ಗಿದ್ರೆ ಏನಾಗ್ತಿತ್ತು?"

"ಹಣೆ ಮೇಲೆ ಕೈ ಇಟ್ಟಿದ್ದು ತಪ್ಪಾ ಅಯ್ಯಾ?"

"ತಪ್ಪಲ್ಲ. ಆದ್ರೆ ಕಾಲ ಸರಿಯಿಲ್ಲ. ನಾಳೆ ಯಾರಾದ್ರೂ ಬಂದು ಸಭೆ ಮುಂದೆ ಗಲಾಟೆ ಮಾಡಿದ್ರೆ? ಸ್ವಲ್ಪ ದಿನ ಬರ್ಬೇಡಿ. ಮನೇಲೇ ಪ್ರಾರ್ಥನೆ ಮಾಡ್ಕೊಳ್ಳಿ."

ಸಂತೈಸು ಎಂದು ಬೋಧಿಸಿದ ಬಾಯಿಯ ಉಗುಳು ಇನ್ನೂ ಆರಿರಲಿಲ್ಲ. "ಈಗ ತಾನೇ ಹೇಳಿದ್ದು ಯಾರಿಗೆ ಅಯ್ಯಾ, ಬೆಂಚಿಗಾ?" ಎಂದು ಕೇಳಿ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಅಳು ಬಂತು. ಅವರ ಮುಂದೆ ಬರಲಿಲ್ಲ, ಅಷ್ಟೇ ಸಮಾಧಾನ.

ಹದಿಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮನೆಯ ಮುಂದೆ ರಾಘವ ಬಂದು ನಿಂತ. ಪಕ್ಕದಲ್ಲಿ ಪಾಸ್ಟರ್ ದೊರೆಸ್ವಾಮಿ. ನಾನು ಏಜೆನ್ಸಿಯಲ್ಲಿ ಬರೆಸಿದ್ದ ಪಾಸ್ಟರ್ ನಂಬರನ್ನು ಮಂಜುನಾಥ್ ಕೊಟ್ಟಿದ್ದನಂತೆ. ಇಬ್ಬರೂ ಒಂದೇ ಕಾರಿನಲ್ಲಿ ಬಂದು, ಓಣಿಯ ಬಾಯಲ್ಲಿ ನಿಲ್ಲಿಸಿ, ಪ್ಯಾಂಟು ಎತ್ತಿಕೊಂಡು ಮೋರಿ ದಾಟಿ ಬಂದಿದ್ದರು. ಮತಾಂತರದ ಕೇಸು ಹಾಕುತ್ತೇನೆ ಎಂದವನು ಪಾಸ್ಟರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದ.

"ಅಮ್ಮ ಯಾರನ್ನೂ ಮುಟ್ಟಿಸ್ಕೊಳ್ತಿಲ್ಲ" ಎಂದ ರಾಘವ. ಗಡ್ಡ ಬೆಳೆದಿತ್ತು. "ಮೂರು ಜನ ನರ್ಸ್ ಬಂದು ಬಿಟ್ಟುಹೋದ್ರು. ಹುಣ್ಣು ಮತ್ತೆ ಕೆಟ್ಟಿದೆ. ವಾಸನೆ. ಇಡೀ ದಿನ ನಿನ್ನೇ ಕೇಳ್ತಾರೆ. ಬಂದ್ಬಿಡಮ್ಮ."

ಕೆಟ್ಟ ಹುಣ್ಣಿನ ನೋವು ಹೇಗಿರುತ್ತದೆ ಎಂದು ನನ್ನ ಕೈಗೆ ಗೊತ್ತು.

"ಗ್ರೂಪಲ್ಲಿ ಹಾಕಿದೀರಲ್ಲ ಸಾರ್, ಅದನ್ನೇನು ಮಾಡ್ತೀರಾ?"

"ಅದು ಆಗಿದ್ದು ಆಯ್ತು. ಈಗ ಹೊಸದಾಗಿ ಯಾಕೆ ಕೆದಕೋದು? ನೀನು ಹಿತ್ತಿಲ ಕಡೆಯಿಂದ ಬಂದ್ಬಿಡು. ಅಕ್ಕಪಕ್ಕದವರಿಗೆ ಗೊತ್ತಾಗೋದು ಬೇಡ. ಬೇಕಾದ್ರೆ ಆ... ಅದೇನು ಹೇಳ್ತಿದ್ಯೋ ಅದನ್ನೂ ಹೇಳ್ಕೋ. ಮೆಲ್ಲಗೆ."

ಪಾಸ್ಟರ್ ಮುಂದೆ ಬಂದರು. "ಕ್ಷಮಿಸಿಬಿಡಿ ಅಮ್ಮ. ಕರುಣೆ ತೋರಿಸೋದಕ್ಕೇ ಕರ್ತನು ನಮ್ಮನ್ನ ಕರೆದಿರೋದು. ಇದೇ ನಿಮ್ಮ ಸಾಕ್ಷಿ. ಇಂಥ ಅವಕಾಶ ಎಲ್ಲರಿಗೂ ಸಿಗಲ್ಲ."

"ಎಲ್ಲರಿಗೂ ಸಿಗ್ಲಿ ಅಯ್ಯಾ. ನಿಮ್ಮ ಸಾಂತ್ವನ ಸಮಿತಿ ಇದೆಯಲ್ಲ, ಅವರನ್ನ ಕಳ್ಸಿ. ಹಣ್ಣು ಬೇಡ. ಹೇಲು ಬಾಚ್ಲಿ."

ಪಾಸ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. ಬೈರಮ್ಮ ತನ್ನ ಬಾಗಿಲಲ್ಲಿ ನಿಂತು ಜೋರಾಗಿ ನಕ್ಕಳು.

ನನಗೆ ಬಾಗಿಲು ಹಾಕಿಕೊಳ್ಳಬೇಕು ಎನ್ನಿಸಿತು. ಹಾಕಿಕೊಂಡರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅಜ್ಜಿ ಅಲ್ಲಿ ಒಂದೇ ಮಗ್ಗುಲಲ್ಲಿ ಬಿದ್ದು ಕೊಳೆಯುತ್ತಿದ್ದಳು. ಸುಳ್ಳು ಹೇಳಿದ ಬಾಯಿಗೂ ನೋವು ನೋವೇ. ನಾನು ಚಪ್ಪಲಿ ಮೆಟ್ಟಿಕೊಂಡೆ.

"ಬರ್ತೀನಿ. ಹಿತ್ತಿಲಿಂದಲ್ಲ, ಮುಂದಿನ ಬಾಗಿಲಿಂದ. ಕೆಲಸಕ್ಕೂ ಅಲ್ಲ."

"ಮತ್ತೆ ಯಾಕೆ?"

"ಬನ್ನಿ, ಗೊತ್ತಾಗತ್ತೆ."

ಮನೆ ಮುಂದೆ ಇಳಿದಾಗ ಪಾಸ್ಟರ್ ಕಾರಿನಲ್ಲೇ ಕೂತರು. ನಾನು ಗೇಟು ತೆಗೆದು, ರಂಗೋಲಿ ಬರೆದಿದ್ದ ಅಂಗಳ ದಾಟಿ, ಮುಂಬಾಗಿಲಿನಿಂದ ಒಳಗೆ ಹೋದೆ. ಎದುರು ಮನೆಯ ವೆಂಕಟಾಚಲ ಪೇಪರು ಹಿಡಿದು ನಿಂತು ನೋಡಿದ. ನೋಡಲಿ ಎಂದೇ ನಿಧಾನವಾಗಿ ನಡೆದೆ. ಶ್ರೀವಿದ್ಯಾ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿದ್ದಳು. ಅದು ನನ್ನಿಂದಲ್ಲ. ಮನೆಯೇ ನಾರುತ್ತಿತ್ತು.

ಅಜ್ಜಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ನನ್ನನ್ನು ನೋಡಿ ಬಲಗೈ ಎತ್ತಿದಳು. ನಾನು ಆ ಕೈ ಹಿಡಿಯಲಿಲ್ಲ. ಮೂಲೆಯಲ್ಲಿದ್ದ ಕುರ್ಚಿ ಎಳೆದು ಮಂಚದ ಪಕ್ಕ ಹಾಕಿ ಕೂತೆ. ಆ ರೂಮಿನಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ಸಾರ್, ಒಳಗೆ ಬನ್ನಿ. ವಾಚು ಬಿಚ್ಚಿ. ತೋಳು ಮಡಚಿ. ಮೊಣಕೈ ತನಕ ಸೋಪು ಹಾಕಿ ತೊಳ್ಕೊಳ್ಳಿ."

"ನಾನಾ?"

"ನೀವೇ."

"ನನಗೆ ಇದೆಲ್ಲ ಬರಲ್ಲಮ್ಮ."

"ನನಗೂ ಹುಟ್ತಾ ಬಂದಿರ್ಲಿಲ್ಲ."

ಅವನು ಹೊಸ್ತಿಲಲ್ಲಿ ನಿಂತ. ಅಜ್ಜಿ ನರಳಿದಳು. ನಾನು ಕೂತೇ ಇದ್ದೆ. ಐದು ನಿಮಿಷವಾಯಿತೇನೋ. ಕೊನೆಗೆ ಅವನು ಒಳಗೆ ಕಾಲಿಟ್ಟ.

ಒಂದೊಂದೇ ಹೇಳಿದೆ. ಮಂಡಿಯ ಕೆಳಗೆ ಒಂದು ಕೈ, ಭುಜದ ಕೆಳಗೆ ಒಂದು ಕೈ. ಎಳೆಯಬೇಡಿ, ಉರುಳಿಸಿ. ಡೈಪರ್ ಬಿಚ್ಚಿ. ಮುಂದಿನಿಂದ ಹಿಂದಕ್ಕೆ ಒರೆಸಿ. ಅಜ್ಜಿ ಅರಚಿದಳು, "ಬೇಡ ಕಣೇ, ಅವನು ಬೇಡ! ಗಂಡುಮಗ. ನನ್ನ ಮಾನ ಹೋಗತ್ತೆ."

"ಅವರನ್ನ ನೀವು ತೊಳ್ದಿಲ್ವಾ ಅಜ್ಜಿ?"

ರಾಘವನಿಗೆ ವಾಂತಿ ಬಂತು. ಬಚ್ಚಲಿಗೆ ಓಡಿದ. ಮುಖ ತೊಳೆದು ಬಂದ. "ನನ್ನ ಕೈಲಾಗಲ್ಲ" ಎಂದ. ಕಣ್ಣು ಕೆಂಪಾಗಿತ್ತು. "ನಿಮ್ಮ ಯೇಸು ಕರುಣೆ ತೋರಿಸು ಅಂತಾನಂತಲ್ಲ? ಇದೇನಾ ಕರುಣೆ?"

"ಹೌದು. ಅದಕ್ಕೇ ನಿಮಗೆ ಕಲಿಸ್ತಿರೋದು. ಸಲೈನ್ ಬಾಟ್ಲು ತಗೊಳ್ಳಿ."

ಅವನು ಬಟ್ಟೆಯನ್ನು ಒಣಗಿದ್ದ ಹಾಗೇ ಕಿತ್ತ. ಅಜ್ಜಿಯ ಮೈ ಮಂಚದಿಂದ ಮೇಲಕ್ಕೆ ಹಾರಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎದ್ದು ಹೋಗಿ ಅವಳ ಸೊಂಟ ಹಿಡಿದೆ. "ನೆನೆಸಿ ಮೊದಲು! ನೆನೆಸಿ! ಮಾಂಸ ಅದು!" ಎಂದು ಅವನ ಮೇಲೆ ಕೂಗಿದೆ. ಎಂಟು ತಿಂಗಳಲ್ಲಿ ನಾನು ಮುಚ್ಚಿದ್ದ ಹುಣ್ಣು ಮತ್ತೆ ಬಾಯಿ ತೆರೆದು ಮೂಳೆ ತೋರಿಸುತ್ತಿತ್ತು. ಅಳು ಉಕ್ಕಿತು. ಸಿಟ್ಟಿನದೋ ಸಂಕಟದ್ದೋ ನನಗೇ ತಿಳಿಯಲಿಲ್ಲ. ಅಜ್ಜಿ ಸ್ವಲ್ಪ ಹದಕ್ಕೆ ಬಂದ ಮೇಲೆ ಕೈ ತೆಗೆದು ಮತ್ತೆ ಕುರ್ಚಿಯಲ್ಲಿ ಕೂತೆ.

ಆಮೇಲೆ ಅವನು ನಿಧಾನವಾಗಿ ಮಾಡಿದ. ನೆನೆಸಿದ, ತೊಳೆದ, ತುಂಬಿದ, ಪ್ಲಾಸ್ಟರ್ ಹಚ್ಚಿದ. ಒಂದು ಗಂಟೆ ಹಿಡಿಯಿತು. ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ.

ಅಜ್ಜಿ ಏದುಸಿರು ಬಿಡುತ್ತಾ ನನ್ನ ಕಡೆ ನೋಡಿದಳು. "ಅವತ್ತು ನಾನು ಸುಳ್ಳು ಹೇಳ್ದೆ ಕಣೇ."

"ನಂಗೊತ್ತು. ನಂಗೆ ಯಾಕೆ ಹೇಳ್ತೀರಾ?"

ಅವಳು ಮಗನ ಕಡೆ ತಿರುಗಿದಳು. "ನಾನೇ ಹೇಳು ಅಂದಿದ್ದು ಕಣೋ ರಾಘು. ದಿನಾ ನಾನೇ ಕೇಳಿ ಹೇಳಿಸ್ಕೋತಿದ್ದೆ. ನೀನು ಬೈತೀಯ ಅಂತ ಹೆದರ್ಕೊಂಡು ಇವಳ ಮೇಲೆ ಹಾಕ್ದೆ."

ರಾಘವ ಗ್ಲೌಸ್ ಬಿಚ್ಚುತ್ತಾ ನಿಂತಿದ್ದ. ಬಾಗಿಲಲ್ಲಿದ್ದ ಶ್ರೀವಿದ್ಯಾ ಒಳಗೆ ಹೋದಳು. ಅಜ್ಜಿ ನನ್ನ ಕಡೆ ಕೈ ಚಾಚಿ, "ಹ್ಞೂಂ, ಹೇಳು" ಎಂದಳು.

ನಾನು ರಾಘವನಿಗೆ ಹೇಳಿದೆ, "ಅವರ ಹಣೆ ಮೇಲೆ ಕೈ ಇಡಿ."

"ಇಟ್ಟು ಏನು ಹೇಳ್ಲಿ?"

"ನಿಮ್ಮ ದೇವರಿಗೆ ಹೇಳಿ. ಬರ್ದಿದ್ರೆ ಸುಮ್ನೆ ಇಡಿ."

ಇಟ್ಟ. ಬಿಸಿ ಪಾತ್ರೆ ಮುಟ್ಟುವವನ ಹಾಗೆ ಇಟ್ಟ. ಆಮೇಲೆ ತೆಗೆಯಲಿಲ್ಲ. ಅಜ್ಜಿ ಕಣ್ಣು ಮುಚ್ಚಿದಳು. ಅವಳ ಮುಖದ ಮೇಲೆ ಅವನ ಕಣ್ಣಿನ ನೀರು ಬಿತ್ತು. ಅದನ್ನು ನೋಡಿ ನನ್ನ ಎದೆ ಕರಗಿತು ಎಂದು ಯಾರಾದರೂ ಬರೆದುಕೊಂಡರೆ ಅದು ಸುಳ್ಳು. ಇವನ ಕೈ ಅಲ್ಲಿಗೆ ತಲುಪಲು ನನ್ನ ಇಪ್ಪತ್ತು ವರ್ಷದ ಅನ್ನ ಹೋಗಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಎದ್ದೆ.

ಅವನು ಹಾಲಿನ ತನಕ ಹಿಂದೆ ಬಂದ. "ನಾಳೆಯಿಂದ ಬಂದ್ಬಿಡು ರೂತಮ್ಮ. ಒಳಗಿನ ಬಾತ್‌ರೂಮೇ ಉಪಯೋಗಿಸ್ಕೋ. ಇಲ್ಲೇ ಊಟ ಮಾಡು. ಯಾರೂ ಏನೂ ಅನ್ನಲ್ಲ."

"ಅಜ್ಜಿ ಈಗ ಹೇಳಿದ್ರಲ್ಲ, ಅದನ್ನ ಗ್ರೂಪಲ್ಲಿ ಹಾಕಿ. ನನ್ನ ಚಿತ್ರ ಹಾಕಿದ ಅದೇ ಗ್ರೂಪಲ್ಲಿ, ನಿಮ್ಮ ಹೆಸರಲ್ಲಿ, ನಾವು ಹೇಳಿದ್ದು ಸುಳ್ಳು ಅಂತ ಬರೀರಿ."

"ಅದು ಹೇಗೆ ಆಗತ್ತೆ? ನಲವತ್ತು ವರ್ಷದಿಂದ ಇದೀವಿ ಇಲ್ಲಿ. ಮುಖ ಎತ್ಕೊಂಡು ಓಡಾಡಬೇಡ್ವಾ ನಾನು? ಸ್ವಲ್ಪ ಅರ್ಥ ಮಾಡ್ಕೋ."

"ನಾನೂ ಓಡಾಡಬೇಕಲ್ಲ ಸಾರ್."

ಒಳಗಿನಿಂದ ಅಜ್ಜಿ ನನ್ನ ಹೆಸರು ಹಿಡಿದು ಕೂಗಿದಳು. ಮತ್ತೆ ಕೂಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಕಾಲು ಭಾರವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

"ಬರೆದ ದಿನ ಹೇಳಿಕಳ್ಸಿ, ಅವತ್ತೇ ಬರ್ತೀನಿ" ಎಂದೆ. "ಅಲ್ಲೀತನಕ ಅವರು ನಿಮ್ಮ ತಾಯಿ. ತೊಳೀರಿ."